ವರ್ಚುವಲ್ ಸಾಧನಕ್ಕೂ ವಿಳಾಸದ ಗಡಿಯಿದೆ: ಡ್ರೈವರ್ ಬರೆಯುವಾಗ ನಿಭಾಯಿಸುವುದು ಹೇಗೆ?

ವರ್ಚುವಲ್ ಯಂತ್ರದೊಳಗಿನ ನೆಟ್‌ವರ್ಕ್ ಕಾರ್ಡ್ ಆಗಲಿ ಡಿಸ್ಕ್ ಆಗಲಿ ಪೂರ್ತಿ ಸಾಫ್ಟ್‌ವೇರ್ ಕಟ್ಟಿದ ಸಾಧನ. ಹಾಗಾಗಿ ಅದಕ್ಕೆ ಡ್ರೈವರ್ ಬರೆಯಲು ಕೂತವರು ‘ಇದಕ್ಕೆಲ್ಲಿಯ ವಿಳಾಸದ ಮಿತಿ, ಮೆಮೊರಿಯ ಯಾವ ಮೂಲೆಯನ್ನಾದರೂ ಮುಟ್ಟುತ್ತದೆ’ ಎಂದುಕೊಂಡುಬಿಡುತ್ತಾರೆ. ನಾನೂ ಹಾಗೆ ನಂಬಿ, ದತ್ತಾಂಶ ಕೆಡಿಸುತ್ತಿದ್ದ ಡ್ರೈವರ್ ಒಂದರ ಮುಂದೆ ಎರಡು ರಾತ್ರಿ ಕಳೆದಿದ್ದೇನೆ. ಸಾಧನ ಅನುಕರಣೆಯದಾದರೂ ಅದರ ರಿಜಿಸ್ಟರಿನ, ಅಂದರೆ ಡ್ರೈವರ್ ವಿಳಾಸ ಬರೆದುಕೊಡುವ ಪುಟ್ಟ ಖಾನೆಯ, ಅಗಲ ನಿಜವೇ. 32 ಬಿಟ್ ರಿಜಿಸ್ಟರಿನಲ್ಲಿ 4 ಜಿಬಿ ಆಚೆಗಿನ ವಿಳಾಸ ಹಿಡಿಸುವುದಿಲ್ಲ.

ಲಿನಕ್ಸ್ ಕರ್ನಲ್ಲನ್ನು ಮುಂದಿಟ್ಟುಕೊಂಡು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ಸಾಧನದ ಕೈ ಎಷ್ಟು ದೂರ ಚಾಚುತ್ತದೆ ಎಂದು ತಿಳಿಯಿರಿ

ಇದನ್ನು ಊಹಿಸಬೇಡಿ, ಸಾಧನದ ವಿವರಣೆಯನ್ನು ಓದಿ. ವರ್ಟಿಯೊ ಎಂದರೆ ವರ್ಚುವಲ್ ಸಾಧನಗಳಿಗೆಂದೇ ಇರುವ ಮಾನದಂಡ. ಅದರ ಹಳೆಯ ಮಾದರಿಯ ಪಿಸಿಐ ಸಾಧನ ಕ್ಯೂ (ಡ್ರೈವರ್ ಮತ್ತು ಸಾಧನ ದತ್ತಾಂಶ ಹಂಚಿಕೊಳ್ಳುವ ಸಾಲು) ಇರುವ ಜಾಗವನ್ನು ಪುಟದ ಸಂಖ್ಯೆಯಾಗಿ 32 ಬಿಟ್ ರಿಜಿಸ್ಟರಿನಲ್ಲಿ ಪಡೆಯುತ್ತದೆ. ಒಂದು ಪುಟ 4096 ಬೈಟ್, ಅಂದರೆ ಇನ್ನೂ 12 ಬಿಟ್. ಒಟ್ಟು 44 ಬಿಟ್, 16 ಟಿಬಿ. ವರ್ಟಿಯೊ 1.0ರಿಂದ ಈಚೆಗೆ ಪೂರ್ತಿ 64 ಬಿಟ್ ವಿಳಾಸ ಕೊಡಬಹುದು.

ಕಲಿಯುವವರಿಗೆ ನಾನು ಸದಾ ಹೇಳುವುದು ವರ್ಚುವಲ್ ಯಂತ್ರ ನಡೆಸುವ ಕ್ಯೂಎಮು ಎಂಬ ಸಾಫ್ಟ್‌ವೇರ್ ಜೊತೆಗೇ ಬರುವ ‘ಎಡು’ ಎಂಬ ಪುಟ್ಟ ಪಿಸಿಐ ಸಾಧನವನ್ನು. ಪಾಠಕ್ಕೆಂದೇ ಮಾಡಿದ ಇದಕ್ಕೆ ವಾಡಿಕೆಯ ಮಿತಿ 28 ಬಿಟ್, ಅಂದರೆ 256 ಎಂಬಿ. ಅದಕ್ಕಿಂತ ದೊಡ್ಡ ವಿಳಾಸ ಕೊಟ್ಟರೆ ಮೇಲಿನ ಬಿಟ್‌ಗಳನ್ನು ಕತ್ತರಿಸಿ ಮುಂದುವರಿಯುತ್ತದೆ. ಹೆಕ್ಸಾಡೆಸಿಮಲ್‌ನಲ್ಲಿ 12345000 ಎಂಬ ವಿಳಾಸವನ್ನು ಕೊಟ್ಟಿರಿ ಎನ್ನಿ. ಅದಿರುವುದು 291 ಎಂಬಿ ಆಸುಪಾಸಿನಲ್ಲಿ. ಮೊದಲ 1 ಉದುರಿಹೋಗಿ ಉಳಿಯುವುದು 2345000. ಸಾಧನ 35 ಎಂಬಿ ಆಸುಪಾಸಿಗೆ ಹೋಗಿ ಬರೆದುಬರುತ್ತದೆ. ಅಲ್ಲಿ ಕಡತ ವ್ಯವಸ್ಥೆಯ ಪುಟವಿರಬಹುದು, ಇನ್ನಾವುದೋ ಪ್ರೋಗ್ರಾಂ ಇರಬಹುದು. ಕುಸಿದು ಬೀಳುವುದು ಅದು, ತಪ್ಪು ನಿಮ್ಮ ಡ್ರೈವರಿನದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಹುಡುಕಾಟವೆಲ್ಲ ಬೇರೆ ಕಡೆ ನಡೆಯುತ್ತದೆ.

ಹೆಜ್ಜೆ 2: ಆ ಮಿತಿಯನ್ನು ಕರ್ನಲ್‌ಗೆ ಹೇಳಿ

ಡ್ರೈವರ್ ಬಾಯಿಬಿಡದಿದ್ದರೆ ಕರ್ನಲ್ 32 ಬಿಟ್ ಎಂದೇ ಭಾವಿಸುತ್ತದೆ. 28 ಬಿಟ್‌ನ ಸಾಧನಕ್ಕೆ ಅದು ಅಪಾಯ. 64 ಬಿಟ್‌ನ ಸಾಧನಕ್ಕೆ ವೃಥಾ ನಷ್ಟ. ಆದ್ದರಿಂದ ಸಾಧನವನ್ನು ಗುರುತಿಸುವ ಪ್ರೋಬ್ ಹಂತದಲ್ಲೇ ಡಿಎಂಎ ಮಾಸ್ಕ್ ಹೊಂದಿಸಿ. ಡಿಎಂಎ ಎಂದರೆ ಸಾಧನ ತಾನೇ ನೇರವಾಗಿ ಮೆಮೊರಿಯನ್ನು ಓದಿ ಬರೆಯುವುದು; ಅದು ಎಷ್ಟು ಬಿಟ್ ವಿಳಾಸದವರೆಗೆ ಮುಟ್ಟಬಲ್ಲದು ಎಂದು ಹೇಳುವುದೇ ಮಾಸ್ಕ್. ಆ ಕರೆ ವಿಫಲವಾಗಬಹುದು. ಹಿಂದಿರುಗಿ ಬಂದ ಮೌಲ್ಯವನ್ನು ನೋಡಿ, ದೋಷವಿದ್ದರೆ ಅಲ್ಲಿಗೇ ನಿಲ್ಲಿಸಿ.

ಹೆಜ್ಜೆ 3: ವಿಳಾಸವನ್ನು ನೀವೇ ಲೆಕ್ಕ ಹಾಕಬೇಡಿ

ಪಾಯಿಂಟರಿನಿಂದ ಭೌತಿಕ ವಿಳಾಸ ತೆಗೆದು ನೇರವಾಗಿ ರಿಜಿಸ್ಟರಿಗೆ ಬರೆಯುವ ಆಸೆ ಎಲ್ಲರಿಗೂ ಆಗುತ್ತದೆ. ಆದರೆ ಪ್ರೊಸೆಸರ್ ಕಾಣುವ ವಿಳಾಸ ಮತ್ತು ಸಾಧನ ಕಾಣುವ ವಿಳಾಸ ಒಂದೇ ಆಗಿರಬೇಕಿಲ್ಲ. ನಡುವೆ ವರ್ಚುವಲ್ ಐಒಎಂಎಂಯು, ಅಂದರೆ ಸಾಧನ ಕೊಟ್ಟ ವಿಳಾಸವನ್ನು ಮೆಮೊರಿಯ ವಿಳಾಸಕ್ಕೆ ಬದಲಿಸುವ ಘಟಕ, ಇದ್ದರೆ ಎರಡೂ ಬೇರೆಯೇ. ಬಫರನ್ನು ಡಿಎಂಎ ಮ್ಯಾಪಿಂಗ್ ಫಂಕ್ಷನ್‌ಗೆ ಕೊಡಿ, ಅದು ಕೊಟ್ಟ ವಿಳಾಸವನ್ನಷ್ಟೇ ಬಳಸಿ, ಮ್ಯಾಪಿಂಗ್ ದೋಷವನ್ನು ಪ್ರತಿ ಸಲವೂ ಪರೀಕ್ಷಿಸಿ.

ಹೆಜ್ಜೆ 4: ಬೌನ್ಸ್ ಬಫರಿನ ಸ್ವಭಾವ ಅರಿಯಿರಿ

ಬಫರ್ ಸಾಧನದ ಕೈಗೆಟುಕದಷ್ಟು ಮೇಲಿದ್ದರೆ, ಐಒಎಂಎಂಯು ಇಲ್ಲದ ಕಡೆ, ಕರ್ನಲ್ ಕೆಳಗಿನ ಮೆಮೊರಿಯ ಒಂದು ಮೀಸಲು ಜಾಗಕ್ಕೆ ನಕಲು ಮಾಡಿ ಆ ಜಾಗದ ವಿಳಾಸವನ್ನು ಕೊಡುತ್ತದೆ. ಎಸ್‌ಡಬ್ಲ್ಯುಐಒಟಿಎಲ್‌ಬಿ ಎಂಬ ಈ ವ್ಯವಸ್ಥೆ ದೊಡ್ಡ ಉಪಕಾರಿ, ಆದರೆ ಅಕ್ಷಯಪಾತ್ರೆಯೇನಲ್ಲ. ವಾಡಿಕೆಯ ಗಾತ್ರ 64 ಎಂಬಿ. ಒಂದು ಮ್ಯಾಪಿಂಗ್‌ಗೆ ಸಿಗುವುದು ಹೆಚ್ಚೆಂದರೆ 256 ಕೆಬಿ. ಕೆಲಸ ಮುಗಿದ ಮೇಲೆ ಮ್ಯಾಪಿಂಗ್ ಬಿಡಿಸದ ಡ್ರೈವರ್ ಜಾಗವನ್ನು ಹನಿಹನಿಯಾಗಿ ನುಂಗುತ್ತದೆ. ಕೊನೆಗೊಂದು ದಿನ ‘ಬಫರ್ ತುಂಬಿದೆ’ ಎಂಬ ಸಂದೇಶ ಲಾಗ್‌ನಲ್ಲಿ ಕಾಣುತ್ತದೆ. ಸಾಧನ ಬರೆದದ್ದು ನಿಮ್ಮ ಬಫರಿಗೆ ಮರಳಿ ನಕಲಾಗುವುದೂ ಮ್ಯಾಪಿಂಗ್ ಬಿಡಿಸಿದಾಗ ಅಥವಾ ಸಿಂಕ್ ಮಾಡಿದಾಗಲೇ (ಮ್ಯಾಪಿಂಗ್ ಉಳಿಸಿಕೊಂಡೇ ಎರಡು ಪ್ರತಿಗಳನ್ನು ಸರಿಹೊಂದಿಸುವ ಕರೆ ಇದು). ಅದಕ್ಕೆ ಮೊದಲೇ ಓದಿದರೆ ಸಿಗುವುದು ಹಳೆಯ ದತ್ತಾಂಶ.

ಇಲ್ಲೊಂದು ಸೂಕ್ಷ್ಮವಿದೆ, ಹಲವರು ಎಡವುವ ಜಾಗ. ಪಿಸಿ ಮಾದರಿಯ ಯಂತ್ರಗಳಲ್ಲಿ ಈ ಮೀಸಲು ಜಾಗ ಸಾಮಾನ್ಯವಾಗಿ 4 ಜಿಬಿ ಒಳಗಿರುತ್ತದೆ. 256 ಎಂಬಿ ಒಳಗೇ ಇರುತ್ತದೆಂಬ ಖಾತ್ರಿಯಿಲ್ಲ. ಎಡುವಿನಂಥ ಸಾಧನಕ್ಕೆ ಮಾಸ್ಕ್ ಸರಿಯಾಗಿದ್ದರೂ ಮ್ಯಾಪಿಂಗ್ ವಿಫಲವಾಗಬಹುದು. ಅಂಥಲ್ಲಿ ಪ್ರೋಬ್ ಹಂತದಲ್ಲೇ ಒಂದು ಕೊಹೆರೆಂಟ್ ಬಫರ್ (ಪ್ರೊಸೆಸರ್ ಮತ್ತು ಸಾಧನ ಎರಡೂ ಸಿಂಕ್ ಇಲ್ಲದೆ ಹಂಚಿಕೊಳ್ಳುವ ಮೆಮೊರಿ) ಪಡೆದಿಟ್ಟುಕೊಂಡು, ದತ್ತಾಂಶವನ್ನು ಅದರ ಮೂಲಕ ನೀವೇ ನಕಲು ಮಾಡುವುದು ಭದ್ರ. ಮಾಸ್ಕ್ ನೋಡಿಕೊಂಡು ಕರ್ನಲ್ ಅದನ್ನು ತಕ್ಕ ಜಾಗದಿಂದಲೇ ಕೊಡುತ್ತದೆ.

ಹೆಜ್ಜೆ 5: ತಪ್ಪು ಕಾಣುವಂತೆ ಪರೀಕ್ಷಿಸಿ

1 ಜಿಬಿ ಮೆಮೊರಿಯ ಯಂತ್ರದಲ್ಲಿ 32 ಬಿಟ್‌ನ ದೋಷ ಎಂದೂ ಕಾಣಿಸದು, ಏಕೆಂದರೆ ದಾಟಲು ಗಡಿಯೇ ಅಲ್ಲಿಲ್ಲ. ವರ್ಚುವಲ್ ಯಂತ್ರಕ್ಕೆ 8 ಜಿಬಿ ಕೊಡಿ. 4 ಜಿಬಿ ಕೊಟ್ಟರೂ, ಆ ಗಡಿಯ ಕೆಳಗಿನ ಒಂದು ಭಾಗ ಪಿಸಿಐ ಸಾಧನಗಳಿಗೆ ಮೀಸಲಾಗುವುದರಿಂದ, ಸ್ವಲ್ಪ ಮೆಮೊರಿ ಗಡಿಯ ಮೇಲಕ್ಕೆ ಸರಿದಿರುತ್ತದೆ.

ಆಮೇಲೆ ಬೂಟ್ ಮಾಡುವಾಗ ಎಸ್‌ಡಬ್ಲ್ಯುಐಒಟಿಎಲ್‌ಬಿ ಆಯ್ಕೆಗೆ ‘ಫೋರ್ಸ್’ ಎಂಬ ಮೌಲ್ಯ ಕೊಡಿ. ಬೇಕಿರಲಿ ಬೇಡದಿರಲಿ, ಬಫರುಗಳೆಲ್ಲ ಬೌನ್ಸ್ ಆಗುತ್ತವೆ. ಸಿಂಕ್ ಮರೆತ ಜಾಗಗಳು ಮೊದಲ ನಿಮಿಷದಲ್ಲೇ ಹೊರಬೀಳುತ್ತವೆ. ವರ್ಟಿಯೊ ಸಾಧನವಾದರೆ ಇದಕ್ಕೆ ಮೊದಲು ಕ್ಯೂಎಮುವಿನಲ್ಲಿ ಅದರ ‘ಐಒಎಂಎಂಯು ಪ್ಲಾಟ್‌ಫಾರ್ಮ್’ ಆಯ್ಕೆಯನ್ನು ಆನ್ ಮಾಡಬೇಕು. ಇಲ್ಲದಿದ್ದರೆ ವರ್ಟಿಯೊ ಡಿಎಂಎ ದಾರಿಯನ್ನೇ ಬಿಟ್ಟು ಭೌತಿಕ ವಿಳಾಸವನ್ನು ನೇರವಾಗಿ ಕೊಡುತ್ತದೆ, ನೀವು ಮಾಡಿದ ಪರೀಕ್ಷೆ ಪರೀಕ್ಷೆಯೇ ಆಗಿರುವುದಿಲ್ಲ.