ಪಿಂಚಣಿ ಕಡತ ನಿಂತಾಗ ನಾನು ಮುಚ್ಚಳಿಕೆಗೆ ಸಹಿ ಹಾಕಲಿಲ್ಲ

ಪ್ರಥಮ ದರ್ಜೆ ಸಹಾಯಕಿಯಾಗಿ ನಿವೃತ್ತಳಾದ ನನಗೆ ಐದು ತಿಂಗಳಾದರೂ ಪಿಂಚಣಿಯೂ ಬರಲಿಲ್ಲ, ನಿವೃತ್ತಿಯಾದಾಗ ಒಮ್ಮೆಗೇ ಸಿಗುವ ಉಪದಾನ, ಅಂದರೆ ಡಿಸಿಆರ್‌ಜಿಯೂ ಬರಲಿಲ್ಲ. ಕಚೇರಿಗೆ ಹೋಗಿ ವಿಚಾರಿಸಿದೆ. ಒಂದೇ ಹುದ್ದೆಯಲ್ಲಿ ನಿಗದಿತ ವರ್ಷ ಕಳೆದವರಿಗೆ ಸಿಗುವ ಕಾಲಮಿತಿ ವೇತನ ಬಡ್ತಿ ಕೊಟ್ಟಾಗ ನನ್ನ ವೇತನ ತಪ್ಪಾಗಿ ನಿಗದಿಯಾಗಿತ್ತಂತೆ. ಅದೂ 14 ವರ್ಷದ ಹಿಂದೆ. ಹೆಚ್ಚುವರಿ ಹಣ 2 ಲಕ್ಷ 38 ಸಾವಿರ ರೂಪಾಯಿ. "ಮೇಡಂ, ಡಿಸಿಆರ್‌ಜಿಯಲ್ಲಿ ಕಟಾಯಿಸಿಕೊಳ್ಳಿ ಅಂತ ಒಂದು ಮುಚ್ಚಳಿಕೆ ಬರೆದುಕೊಡಿ. ನಾಳೆಯೇ ಫೈಲು ಎಜಿ ಕಚೇರಿಗೆ ಹೋಗುತ್ತೆ" ಎಂದರು ಕೇಸ್ ವರ್ಕರ್. ಎಜಿ ಎಂದರೆ ಮಹಾಲೇಖಪಾಲರು, ಪಿಂಚಣಿಗೆ ಅಧಿಕಾರ ಪತ್ರ ಕೊಡುವುದು ಅವರ ಕಚೇರಿಯೇ.

ಮನೆಯಲ್ಲಿ ಎಲ್ಲರೂ ಸಹಿ ಹಾಕಿಬಿಡು ಎಂದರು. ನನಗೂ ಸಾಕಾಗಿತ್ತು. ಆದರೆ 33 ವರ್ಷ ಕಡತ ನೋಡಿದವಳು ನಾನು. ಸಹಿ ಹಾಕಿದ ಮೇಲೆ ಅದು ನನ್ನ ಒಪ್ಪಿಗೆ ಆಗಿಬಿಡುತ್ತೆ, ಅಲ್ವಾ? ವಸೂಲಿಯ ವಿಷಯವನ್ನು ಲಿಖಿತವಾಗಿ ಕೊಡಿ ಎಂದು ಕೇಳಿದೆ. ಕೊಡಲಿಲ್ಲ.

ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಸೇವಾ ಪುಸ್ತಕದ ಪ್ರತಿ, ಆಡಿಟ್ ಆಕ್ಷೇಪಣೆ, ಟಿಪ್ಪಣಿ ಹಾಳೆಗಳು, ಮೂರನ್ನೂ ಕೇಳಿದೆ. ನನ್ನ ಇಡೀ ಕೇಸು ನಿಂತದ್ದು ಈ ಕಾಗದಗಳ ಮೇಲೆ. ವೇತನ ನಿಗದಿ ಮಾಡಿದ್ದು ಕಚೇರಿಯೇ, ನಾನು ಯಾವ ಸುಳ್ಳು ಮಾಹಿತಿಯನ್ನೂ ಕೊಟ್ಟಿರಲಿಲ್ಲ ಎಂಬುದು ಸೇವಾ ಪುಸ್ತಕದಲ್ಲೇ ಇತ್ತು.

ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಕೊಟ್ಟ ತೀರ್ಪು ನನಗೆ ಆಸರೆಯಾಯಿತು. ತಪ್ಪಾಗಿ ಹೆಚ್ಚು ಪಾವತಿಯಾದ ಹಣವನ್ನು ಸಿ ಮತ್ತು ಡಿ ವೃಂದದ ನೌಕರರಿಂದ ವಸೂಲಿ ಮಾಡುವಂತಿಲ್ಲ. ನಿವೃತ್ತರಿಂದಲೂ, ಒಂದು ವರ್ಷದೊಳಗೆ ನಿವೃತ್ತರಾಗುವವರಿಂದಲೂ ಮಾಡುವಂತಿಲ್ಲ. ಐದು ವರ್ಷಕ್ಕಿಂತ ಜಾಸ್ತಿ ಕಾಲ ಪಾವತಿಯಾಗಿದ್ದರೂ ಹಾಗೆಯೇ. ನಾನು ಸಿ ವೃಂದದವಳು, ನಿವೃತ್ತಳೂ ಹೌದು, ಪಾವತಿಯೂ ಐದು ವರ್ಷ ಮೀರಿತ್ತು. ಹೀಗೆ ಮೂರೂ ನನಗೆ ಅನ್ವಯಿಸುತ್ತಿದ್ದವು.

ಆದರೆ ಸುಪ್ರೀಂ ಕೋರ್ಟಿನದೇ 2016ರ ಜಗದೇವ್ ಸಿಂಗ್ ತೀರ್ಪನ್ನೂ ಓದಲೇಬೇಕು. ಪರಿಷ್ಕೃತ ವೇತನ ಪಡೆಯುವಾಗ, ಹೆಚ್ಚಾದರೆ ಮರಳಿಸುತ್ತೇನೆ ಎಂದು ಅಧಿಕಾರಿಯಾಗಿದ್ದ ಜಗದೇವ್ ಸಿಂಗ್ ಬರೆದುಕೊಟ್ಟಿದ್ದರು. ಅದಕ್ಕೇ ಅವರಿಂದ ವಸೂಲಿಗೆ ಕೋರ್ಟ್ ಒಪ್ಪಿತು. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನೂ ಎಂದಾದರೂ ಅಂಥದ್ದಕ್ಕೆ ಸಹಿ ಹಾಕಿದ್ದೆನಾ? ಸೇವಾ ಪುಸ್ತಕದ ಒಂದೊಂದೇ ಪುಟ ತಿರುವಿದೆ. ಇರಲಿಲ್ಲ. ನಿವೃತ್ತಿ ಹತ್ತಿರ ಇರುವವರು ಇದನ್ನು ಈಗಲೇ ನೋಡಿಕೊಳ್ಳಿ.

ಎರಡೂ ತೀರ್ಪುಗಳ ವಿಷಯ ಬರೆದು ಸ್ವೀಕೃತಿ ಸಹಿತ ರಿಜಿಸ್ಟರ್ ಅಂಚೆಯಲ್ಲಿ ಮನವಿ ಕಳಿಸಿದೆ. ಉತ್ತರವಾಗಿ ವಸೂಲಿ ಆದೇಶವೇ ಬಂತು. ಬೇಸರವಾಯಿತು, ನಿಜ. ಆದರೆ ಪ್ರಶ್ನಿಸಲು ಕೈಯಲ್ಲಿ ಒಂದು ಆದೇಶವಂತೂ ಸಿಕ್ಕಿತು. ಸರ್ಕಾರಿ ನೌಕರರ ಸೇವಾ ವ್ಯಾಜ್ಯ ಕೇಳುವ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಲು ಅಂತಿಮ ಆದೇಶದಿಂದ ಒಂದು ವರ್ಷ ಅವಕಾಶವಿದೆ. ಮನವಿಗೆ ಉತ್ತರವೇ ಬಾರದಿದ್ದರೆ ಆರು ತಿಂಗಳು ಕಾಯಬೇಕು. ಅಲ್ಲಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಅಂಚೆಯ ಸ್ವೀಕೃತಿ ಚೀಟಿಯನ್ನು ಜೋಪಾನ ಮಾಡಿ ಎನ್ನುವುದು ಇದಕ್ಕೇ.

ನಾನೂ ನ್ಯಾಯಮಂಡಳಿಗೆ ಹೋದೆ. ವಾದ ಮಾಡಲು ವಕೀಲರಿದ್ದರು. ದಿನಾಂಕವಾರು ಪಟ್ಟಿ ಮತ್ತು ದಾಖಲೆಗಳ ಜೋಡಣೆ ನಾನೇ ಮಾಡಿದೆ. ಪಿಂಚಣಿ ನೌಕರನ ಆಸ್ತಿ, ನಿಯಮದ ಬಲವಿಲ್ಲದೆ ತಡೆಹಿಡಿಯುವಂತಿಲ್ಲ ಎಂಬ 2013ರ ಜಾರ್ಖಂಡ್ ಪ್ರಕರಣದ ತೀರ್ಪನ್ನೂ ಸೇರಿಸಿದೆವು. ಮೊದಲು ವಸೂಲಿಗೆ ತಡೆ ಸಿಕ್ಕಿತು, ಪಿಂಚಣಿ ಪತ್ರಗಳು ಎಜಿ ಕಚೇರಿಗೆ ಹೋದವು. ಕೊನೆಗೆ ವಸೂಲಿ ಆದೇಶವೇ ರದ್ದಾಯಿತು.

ಒಂದು ಮಾತು ಮುಚ್ಚಿಡುವುದಿಲ್ಲ. ವೇತನ ನಿಗದಿ ತಪ್ಪಾಗಿದ್ದು ನಿಜವೇ. ಆದ್ದರಿಂದ ಸರಿಪಡಿಸಿದ ವೇತನದ ಮೇಲೆಯೇ ಪಿಂಚಣಿ ಲೆಕ್ಕ ಹಾಕಿದರು, ತಿಂಗಳ ಮೊತ್ತ ಸ್ವಲ್ಪ ಕಡಿಮೆಯಾಯಿತು. ಅದನ್ನು ನಾನು ಪ್ರಶ್ನಿಸಲಿಲ್ಲ. ಡಿಸಿಆರ್‌ಜಿ ಪೂರ್ತಿ ಬಂತು. ತಡವಾದದ್ದಕ್ಕೆ ಬಡ್ಡಿ ಕೊಡಿ ಎಂದೂ ಆದೇಶವಾಗಿತ್ತು. ಅದು ಇನ್ನೂ ಬಂದಿಲ್ಲ. ಹೋದ ವಾರ ಆದೇಶದ ಪ್ರತಿ ಲಗತ್ತಿಸಿ ಮತ್ತೊಂದು ಪತ್ರ ಕಳಿಸಿದ್ದೇನೆ.