ಶಿವಮೊಗ್ಗ ಜಿಲ್ಲೆಯ ಶಾಸಕರೊಬ್ಬರ ರಾಜಕೀಯ ಬದುಕನ್ನು ದಾಖಲಿಸುವುದು ಹೇಗೆ?

ಅಭಿನಂದನಾ ಗ್ರಂಥದಿಂದ ಶುರು ಮಾಡಬೇಡಿ. ಅದರಲ್ಲಿ ಗೆಲುವುಗಳಷ್ಟೇ ಇರುತ್ತವೆ. ಸೋತದ್ದು, ಪಕ್ಷ ಬಿಟ್ಟದ್ದು, ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತದ್ದು ಮಾಯವಾಗಿರುತ್ತವೆ. ಮೊದಲು ಹಾಳೆಯೊಂದರಲ್ಲಿ ಆರು ಕಾಲಂ ಎಳೆಯಿರಿ: ವರ್ಷ, ಕ್ಷೇತ್ರ, ಪಕ್ಷ, ಪಡೆದ ಮತ, ಸಮೀಪದ ಸ್ಪರ್ಧಿ, ಅಂತರ. ಚುನಾವಣಾ ಆಯೋಗದ ಜಾಲತಾಣದಲ್ಲಿ 1951-52ರಿಂದ ಈಚಿನ ಸಾರ್ವತ್ರಿಕ ಚುನಾವಣೆಗಳ ಅಂಕಿಅಂಶ ವರದಿಗಳು ಸಿಗುತ್ತವೆ. 1972ರವರೆಗಿನವುಗಳ ಮೇಲೆ ರಾಜ್ಯದ ಹೆಸರು ಮೈಸೂರು ಎಂದೇ ಇರುತ್ತದೆ.

ಹೆಚ್ಚು ತಪ್ಪಾಗುವುದು ಕ್ಷೇತ್ರದ ಕಾಲಂನಲ್ಲಿ. 2008ರಲ್ಲಿ ಕ್ಷೇತ್ರಗಳ ಗಡಿ ಪುನರ್ವಿಂಗಡಣೆಯಾದಾಗ ಹೊಸನಗರ, ಹೊಳೆಹೊನ್ನೂರು ಕ್ಷೇತ್ರಗಳು ಹೋಗಿ ಶಿವಮೊಗ್ಗ ಗ್ರಾಮಾಂತರ ಬಂತು. ಹೊಸನಗರ ತಾಲ್ಲೂಕು ಸಾಗರ, ತೀರ್ಥಹಳ್ಳಿಗಳಿಗೆ ಹಂಚಿಹೋಯಿತು. ಹಾಗಾಗಿ ಇಂದಿನ ನಕ್ಷೆ ಇಟ್ಟುಕೊಂಡು ಹಳೆಯ ಗೆಲುವನ್ನು ವಿವರಿಸಲು ಹೋದರೆ ಎಡವುತ್ತೀರಿ. ಶಾಂತವೇರಿ ಗೋಪಾಲಗೌಡರನ್ನು ಮೂರೂ ಸಲ ತೀರ್ಥಹಳ್ಳಿಯ ಶಾಸಕರೆಂದು ಬರೆದುಬಿಡುವವರಿದ್ದಾರೆ. 1962 ಮತ್ತು 1967ಕ್ಕೆ ಅದು ಸರಿ; 1952ರಲ್ಲಿ ಅವರು ಗೆದ್ದದ್ದು ಸಾಗರ-ಹೊಸನಗರದಿಂದ. ಹಿಂದಿನ ವರ್ಷವಷ್ಟೇ ಅವರೂ ಪಾಲ್ಗೊಂಡಿದ್ದ, ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದದ್ದು ಅದೇ ಸಾಗರ ತಾಲ್ಲೂಕಿನಲ್ಲಿ. ಕ್ಷೇತ್ರ ತಪ್ಪಿದರೆ ಈ ನಂಟೇ ಕಳಚಿಹೋಗುತ್ತದೆ. ಜೆ.ಎಚ್. ಪಟೇಲರ ಚನ್ನಗಿರಿಯೂ 1997ರವರೆಗೆ ನಮ್ಮ ಜಿಲ್ಲೆಯದೇ, ಆಮೇಲೆ ದಾವಣಗೆರೆಗೆ ಸೇರಿತು.

ಸಾರ್ವತ್ರಿಕ ವರದಿಯಲ್ಲಿ ಉಪಚುನಾವಣೆ ಸಿಗುವುದಿಲ್ಲ, ಅದನ್ನು ಬೇರೆಯಾಗಿಯೇ ಹುಡುಕಬೇಕು. ಎಸ್. ಬಂಗಾರಪ್ಪ ಶಿವಮೊಗ್ಗ ಲೋಕಸಭಾ ಕ್ಷೇತ್ರದಲ್ಲಿ 1996ರಲ್ಲಿ ಕರ್ನಾಟಕ ಕಾಂಗ್ರೆಸ್ ಪಕ್ಷ, 1999ರಲ್ಲಿ ಕಾಂಗ್ರೆಸ್, 2004ರಲ್ಲಿ ಬಿಜೆಪಿ, 2005ರಲ್ಲಿ ಸಮಾಜವಾದಿ ಪಕ್ಷದಿಂದ ಗೆದ್ದರು. ನಾಲ್ಕು ಗೆಲುವು, ನಾಲ್ಕು ಪಕ್ಷ! ಕೊನೆಯದು ಉಪಚುನಾವಣೆ, ಅದನ್ನು ಬಿಟ್ಟರೆ ಅವರು ಬಿಜೆಪಿಯಲ್ಲೇ ಉಳಿದಂತೆ ಕಾಣುತ್ತದೆ. 1998ರ ಸೋಲನ್ನೂ ಸೇರಿಸಿ. ಪಕ್ಷದ ಕಾಲಂನಲ್ಲಿ ಆ ದಿನದ ಹೆಸರನ್ನೇ ಬರೆಯಿರಿ, ಮುಂದೆ ಅದು ಯಾವುದರಲ್ಲಿ ವಿಲೀನವಾಯಿತೆಂಬುದು ಅಡಿಟಿಪ್ಪಣಿಗೆ ಇರಲಿ.

ಶಾಸಕರಾಗಿದ್ದವರು ಸಂಸತ್ತಿಗೆ ಗೆದ್ದರೆ 14 ದಿನದೊಳಗೆ ವಿಧಾನಸಭಾ ಸ್ಥಾನ ಬಿಡಬೇಕು, ಇಲ್ಲದಿದ್ದರೆ ಸಂಸತ್ ಸ್ಥಾನವೇ ಹೋಗುತ್ತದೆ. 2014ರಲ್ಲಿ ಯಡಿಯೂರಪ್ಪ ಲೋಕಸಭೆಗೆ ಹೋದಾಗ ಶಿಕಾರಿಪುರಕ್ಕೆ ಉಪಚುನಾವಣೆ ಬಂದದ್ದು ಹೀಗೆ.

ಅಧಿಕಾರದ ಅವಧಿಗೆ ಪ್ರಮಾಣವಚನದ ದಿನದಿಂದ ಲೆಕ್ಕ ಹಿಡಿಯಿರಿ, ಬರೀ ವರ್ಷ ಸಾಲದು. ಕಡಿದಾಳ್ ಮಂಜಪ್ಪ ಮುಖ್ಯಮಂತ್ರಿಯಾಗಿದ್ದದ್ದು 1956ರ ಆಗಸ್ಟ್ 19ರಿಂದ ಅಕ್ಟೋಬರ್ 31ರವರೆಗೆ. ‘1956’ ಎಂದಷ್ಟೇ ಬರೆದರೆ ಓದುವವರಿಗೆ ಅದು ಇಡೀ ವರ್ಷದಂತೆ ಕೇಳಿಸುತ್ತದೆ. ಸದನದಲ್ಲಿ ಏನು ಮಾತಾಡಿದರೆಂದು ತಿಳಿಯಲು ವಿಧಾನಸಭೆಯ ನಡವಳಿಗಳನ್ನೇ ನೋಡಿ, ಪತ್ರಿಕಾ ವರದಿಯಿಂದ ಉಲ್ಲೇಖ ಎತ್ತಬೇಡಿ.

ಆಸ್ತಿ, ಓದು, ಮೊಕದ್ದಮೆಗಳಿಗೆ ನಾಮಪತ್ರದ ಜತೆಗಿನ ಪ್ರಮಾಣಪತ್ರವಿದೆ. ಇದು ಈಗಿನ ರೂಪಕ್ಕೆ ಬಂದದ್ದು 2003ರ ನಂತರ, ಹಳಬರಿಗೆ ಹುಡುಕುವುದು ವ್ಯರ್ಥ. ಅದರಲ್ಲಿರುವುದು ಅಂದಿನ ವಯಸ್ಸು. ಕಳೆದು ಜನ್ಮವರ್ಷ ತೆಗೆದರೆ ಒಂದು ವರ್ಷ ಹೆಚ್ಚುಕಮ್ಮಿ ಆಗಬಹುದು. ವಿಚಾರಣೆ ಬಾಕಿ ಇರುವ ಪ್ರಕರಣ, ಶಿಕ್ಷೆಯಾದ ಪ್ರಕರಣ ಬೇರೆ ಬೇರೆ ಕಡೆ ಇರುತ್ತವೆ, ಕಲಸಬೇಡಿ. ಜಮೀನಿಗೆ ಖರೀದಿ ಬೆಲೆ, ಈಗಿನ ಮಾರುಕಟ್ಟೆ ಬೆಲೆ ಎರಡೂ ಇರುತ್ತವೆ. ಎರಡು ಚುನಾವಣೆ ಹೋಲಿಸುವಾಗ ಒಂದೇ ಬಗೆಯದನ್ನು ಹಿಡಿಯಿರಿ. ಅಡಿಕೆ ತೋಟ 2.20 ಎಂದಿದ್ದರೆ ಪಹಣಿಯ ರೂಢಿಯಂತೆ 2 ಎಕರೆ 20 ಗುಂಟೆ. 40 ಗುಂಟೆಗೆ ಎಕರೆಯಾದ್ದರಿಂದ ಅದು ಎರಡೂವರೆ ಎಕರೆ. ಅದನ್ನು ದಶಮಾಂಶವೆಂದು ಕೂಡಿಸಿದರೆ ಮೊತ್ತ ತಪ್ಪುತ್ತದೆ, ಅನುಮಾನ ಬಂದರೆ ಸರ್ವೆ ನಂಬರ್ ಹಾಕಿ ಪಹಣಿ ತೆಗೆದು ನೋಡಿ.