ಪುಟ್ಟ ಬ್ಲಾಗ್ ಬೆಳೆಸುವುದು ಹೇಗೆ? ಉಪ್ಪಿನಕಾಯಿ ಭರಣಿ ಕಲಿಸಿದ ಪಾಠ

ಫೆಬ್ರುವರಿ ಬಂದರೆ ನನ್ನ ಬ್ಲಾಗಿಗೆ ಜನ ಬರತೊಡಗುತ್ತಾರೆ. ಸಾಗರ, ಸಿದ್ದಾಪುರ, ಶಿರಸಿ ಸೀಮೆಯ ಹೊಳೆದಂಡೆಗಳಲ್ಲಿ ಅಪ್ಪೆಮರಗಳು, ಅಂದರೆ ಉಪ್ಪಿನಕಾಯಿಗೆ ಒದಗುವ ಮಾವಿನಮರಗಳು, ಮಿಡಿ ಕಚ್ಚುವ ಕಾಲ ಅದು. ಊರಿನಿಂದ ಮಿಡಿ ತರಿಸಿಕೊಂಡವರು ಬೆಂಗಳೂರಿನಲ್ಲೋ ಪುಣೆಯಲ್ಲೋ ಅಡುಗೆಮನೆಯ ಕಟ್ಟೆಯ ಮೇಲೆ ಅದನ್ನು ಸುರಿದುಕೊಂಡು, ಉಪ್ಪು ಎಷ್ಟು ಹಾಕಬೇಕು, ಎಷ್ಟು ದಿನ ಇಡಬೇಕು ಎಂದು ಮೊಬೈಲ್‌ನಲ್ಲಿ ಹುಡುಕುತ್ತಾರೆ. ಹಾಗೆ ಹುಡುಕುವವರಲ್ಲಿ ಕೆಲವರು ನನ್ನ ಪುಟಕ್ಕೆ ಬಂದು ಮುಟ್ಟುತ್ತಾರೆ. ಏಪ್ರಿಲ್ ಕಳೆದ ಮೇಲೆ ಮತ್ತೆ ದಿನಕ್ಕೆ ಹತ್ತಿಪ್ಪತ್ತು ಓದುಗರು.

ಹನ್ನೆರಡು ವರ್ಷಗಳಿಗೂ ಹೆಚ್ಚು ಕಾಲದಿಂದ ನಾನು ಅಮ್ಮನ ಅಡುಗೆಮನೆಯ ಬಗ್ಗೆ ಬರೆಯುತ್ತಿದ್ದೇನೆ. ಸಂಬಳದ ಕೆಲಸ ಬೇರೆಯದೇ ಇದೆ. ಇದಕ್ಕೆ ಸಿಗುವುದು ಭಾನುವಾರದ ಬೆಳಗು ಮಾತ್ರ. ಕನ್ನಡದಲ್ಲಿ ಬ್ಲಾಗ್ ಶುರು ಮಾಡುವುದು ಹೇಗೆ, ಅದು ಬೆಳೆಯುವುದು ಹೇಗೆ ಎಂದು ಕೇಳುವವರು ಈಗಲೂ ಇದ್ದಾರೆ. ಅವರಿಗಾಗಿ, ನಾನು ನಡೆದು ನೋಡಿದ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ವಿಷಯವನ್ನು ಕಿರಿದಾಗಿಸಿ

ಮೊದಲ ವರ್ಷ ನಾನು ಎಲ್ಲದರ ಬಗ್ಗೆಯೂ ಬರೆದೆ. ನೋಡಿದ ಸಿನಿಮಾ, ಹೋದ ಪ್ರವಾಸ, ಓದಿದ ಕಾದಂಬರಿ, ಮಳೆ. ನೆಂಟರು ಓದಿದರು, ಸಂತೋಷಪಟ್ಟರು, ಅಲ್ಲಿಗೆ ಮುಗಿಯಿತು. ಅಪರಿಚಿತರೊಬ್ಬರು ಮೊದಲ ಬಾರಿ ಪತ್ರ ಬರೆದದ್ದು ತಂಬುಳಿಯ ಲೇಖನಕ್ಕೆ. ಒಂದೆಲಗದ ತಂಬುಳಿಗೆ ಎಲೆಯನ್ನು ಹುರಿಯಬೇಕೋ ಹಸಿಯಾಗಿಯೇ ರುಬ್ಬಬೇಕೋ ಎಂದು ಅವರು ಕೇಳಿದ್ದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಅಮ್ಮನಿಗೆ, ಅತ್ತೆಗೆ, ಪಕ್ಕದ ಮನೆಯ ಅಜ್ಜಿಗೆ ಫೋನ್ ಮಾಡಿದೆ. ಮೂವರದೂ ಮೂರು ಉತ್ತರ. ಮೂರನ್ನೂ ಬರೆದೆ. ನನ್ನ ಬ್ಲಾಗ್ ನಿಜವಾಗಿ ಹುಟ್ಟಿದ್ದು ಅಂದು.

ಆದ್ದರಿಂದ ಮೊದಲ ಹೆಜ್ಜೆ ಇದು: ಒಂದು ಹಾಳೆಯ ಮೇಲೆ ನಿಮಗೆ ಹತ್ತಿರದಿಂದ ಗೊತ್ತಿರುವ, ಆದರೆ ಕನ್ನಡದಲ್ಲಿ ಹುಡುಕಿದರೆ ಸುಲಭವಾಗಿ ಸಿಗದ ಹತ್ತು ಸಂಗತಿಗಳನ್ನು ಬರೆಯಿರಿ. ನಿಮ್ಮ ಊರಿನ ಕೆರೆಯ ತೂಬು ಕೆಲಸ ಮಾಡುವ ರೀತಿ ಆಗಬಹುದು, ಇಳಕಲ್ ಸೀರೆಯ ಸೆರಗನ್ನು ಒಡಲಿಗೆ ಜೋಡಿಸುವ ಕೊಂಡಿ ನೇಯ್ಗೆ ಆಗಬಹುದು, ಯಕ್ಷಗಾನದ ಕಿರೀಟ ಕಟ್ಟುವ ಕ್ರಮ ಆಗಬಹುದು. ಹತ್ತು ತುಂಬದಿದ್ದರೆ ವಿಷಯ ಬದಲಿಸಿ. ಹತ್ತಕ್ಕೆ ನಿಲ್ಲದೆ ಕೈ ಮುಂದೆ ಓಡಿದರೆ ನಿಮ್ಮ ಬ್ಲಾಗಿಗೆ ವಿಷಯ ಸಿಕ್ಕಿತು.

ವಿಳಾಸ

ಬ್ಲಾಗರ್, ವರ್ಡ್‌ಪ್ರೆಸ್ ಎರಡೂ ಉಚಿತವಾಗಿ ಜಾಗ ಕೊಡುತ್ತವೆ. ಯಾವುದಾದರೂ ಆದೀತು, ಇದರ ಆಯ್ಕೆಯಲ್ಲಿ ತಿಂಗಳು ಕಳೆಯಬೇಡಿ. ಆರು ತಿಂಗಳು ಬರೆದು, ಇನ್ನೂ ಬರೆಯುವ ಆಸೆ ಉಳಿದಿದ್ದರೆ ಸ್ವಂತ ಡೊಮೈನ್ ಹೆಸರು ಕೊಳ್ಳಿ. ಬ್ಲಾಗರ್‌ನ ಉಚಿತ ಜಾಗಕ್ಕೂ ಅದನ್ನು ಜೋಡಿಸಬಹುದು. ಮುಂದೆ ಮನೆ ಬದಲಿಸಿದರೂ ವಿಳಾಸ ನಿಮ್ಮದೇ ಆಗಿರುತ್ತದೆ, ಹಳೆಯ ಓದುಗರು ದಾರಿ ತಪ್ಪುವುದಿಲ್ಲ.

ಪ್ರತಿ ಲೇಖನದ ಕೊಂಡಿಯನ್ನು, ಅಂದರೆ ಲಿಂಕನ್ನು, ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿಯೇ ಇಡಿ. ಕನ್ನಡಾಭಿಮಾನದಿಂದ ನಾನು ಮೊದಲು ಕನ್ನಡದಲ್ಲಿಟ್ಟಿದ್ದೆ. ವಾಟ್ಸ್ಆ್ಯಪ್‌ನಲ್ಲಿ ಅಂಟಿಸಿದಾಗ ಅದು ಶೇಕಡಾ ಚಿಹ್ನೆಗಳ ಉದ್ದನೆಯ ಸರಪಳಿಯಾಯಿತು. ಕಾರಣ ಸರಳ. ಕನ್ನಡದ ಒಂದೊಂದು ಸಂಕೇತವೂ ಕಂಪ್ಯೂಟರಿನಲ್ಲಿ ಮೂರು ಬೈಟ್ ಹಿಡಿಯುತ್ತದೆ, ಕೊಂಡಿಯಲ್ಲಿ ಒಂದು ಬೈಟ್ ಮೂರು ಅಕ್ಷರವಾಗುತ್ತದೆ. ‘ಅಪ್ಪೆಮಿಡಿ’ ಎಂಬ ಪದದಲ್ಲಿ ಒತ್ತು, ಗುಣಿತ ಸೇರಿ 9 ಸಂಕೇತಗಳಿವೆ. ಕೊಂಡಿಯಲ್ಲಿ ಅದು 81 ಅಕ್ಷರಗಳಷ್ಟು ಉದ್ದವಾಗುತ್ತದೆ. ಅಷ್ಟುದ್ದದ ಕೊಂಡಿಯನ್ನು ಮುಟ್ಟಲು ಹಿರಿಯರು ಹೆದರುತ್ತಾರೆ. ಇಂಗ್ಲಿಷ್ ಅಕ್ಷರದ ಕೊಂಡಿಯಿಂದ ಇನ್ನೊಂದು ಉಪಕಾರವೂ ಇದೆ. ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕುವವರೂ ಬಹಳ ಮಂದಿ.

ಯೂನಿಕೋಡ್‌ನಲ್ಲಿಯೇ ಬರೆಯಿರಿ

ಇದು ನಾನು ಅತಿ ದುಬಾರಿ ಬೆಲೆ ತೆತ್ತು ಕಲಿತ ಪಾಠ. ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಕಾಣುವಂತೆ ಮಾಡುವ ಅಕ್ಷರ ಸಂಕೇತಗಳ ವ್ಯವಸ್ಥೆ ಯೂನಿಕೋಡ್. ನನಗೆ ಅಭ್ಯಾಸವಿದ್ದದ್ದು ಹಳೆಯ ನುಡಿ ಅಕ್ಷರಶೈಲಿ. ಆ ಕಾಲದ ನುಡಿ, ಬರಹ ಶೈಲಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಆ ಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಅದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ, ಬರೆದ ಪುಟವನ್ನು ಚಿತ್ರವಾಗಿ ಉಳಿಸಿ ಬ್ಲಾಗಿಗೆ ಹಾಕುವುದು. ನೋಡಲು ಅಂದವಾಗಿತ್ತು. ಆದರೆ ಚಿತ್ರದೊಳಗಿನ ಅಕ್ಷರ ಹುಡುಕಾಟಕ್ಕೆ ಸಿಗಲಿಲ್ಲ, ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳಲಿಲ್ಲ, ಯಾರಿಗೂ ಒಂದು ಸಾಲನ್ನು ನಕಲಿಸಿಕೊಳ್ಳಲಾಗಲಿಲ್ಲ. ಎರಡನೆಯ ವರ್ಷದ ಬೇಸಿಗೆ ರಜೆಯಿಡೀ ನಲವತ್ತು ಲೇಖನಗಳನ್ನು ಮತ್ತೆ ಟೈಪು ಮಾಡಿದೆ.

ನಿಮ್ಮಲ್ಲಿ ಹಳೆಯ ನುಡಿ ಕಡತಗಳಿದ್ದರೆ ಮತ್ತೆ ಟೈಪು ಮಾಡುವ ಅಗತ್ಯವಿಲ್ಲ. ಯೂನಿಕೋಡ್‌ಗೆ ಬದಲಿಸಿಕೊಡುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡಿ, ತಪ್ಪು ನುಸುಳುವುದು ಅಲ್ಲಿಯೇ. ಹೊಸದಾಗಿ ಬರೆಯುವವರು ಕೀಲಿಮಣೆಯ ಚಿಂತೆ ಮಾಡಬೇಕಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸ ಬೆರಳಿಗೆ ಹತ್ತಿದರೆ ಅದರಷ್ಟು ವೇಗ ಬೇರೆಯದಕ್ಕಿಲ್ಲ ಎಂದು ನನ್ನ ಅನುಭವ. ಮೊಬೈಲ್‌ನಲ್ಲಿ ಮಾತನಾಡಿ ಬರೆಸುವವರೂ ಇದ್ದಾರೆ.

ಅಳತೆಯನ್ನು ಬಿಡದೆ ಬರೆಯಿರಿ

ಅಮ್ಮ ಹೇಳುವ ಪ್ರಮಾಣ ಹೀಗಿರುತ್ತದೆ: ನಾಲ್ಕು ಸಿದ್ದೆ ಮಿಡಿಗೆ ಒಂದು ಸಿದ್ದೆ ಉಪ್ಪು, ಒಂದು ಹಿಡಿ ಸಾಸಿವೆ, ಮೆಣಸು ಕಣ್ಣಳತೆ. ಸಿದ್ದೆ ಎಂದರೇನೆಂದು ನನ್ನ ವಯಸ್ಸಿನವರಿಗೇ ಸರಿಯಾಗಿ ಗೊತ್ತಿಲ್ಲ. ಒಂದು ರಜೆಗೆ ಊರಿಗೆ ಹೋದಾಗ ಅಡುಗೆ ತಕ್ಕಡಿ ಒಯ್ದೆ. ಅಮ್ಮ ಸಿದ್ದೆಯನ್ನೋ ಹಿಡಿಯನ್ನೋ ತುಂಬಿದಾಗಲೆಲ್ಲ ಭರಣಿಗೆ ಸುರಿಯುವ ಮೊದಲು ತೂಗಿ ಬರೆದುಕೊಂಡೆ. ಮೂರು ಬಾರಿ ತೂಗಿದರೂ ಅವಳ ಹಿಡಿಯ ತೂಕದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಆ ಕೈಯ ಲೆಕ್ಕವನ್ನು ಕಂಡು ನನಗೆ ಮಾತೇ ಹೊರಡಲಿಲ್ಲ. ಬ್ಲಾಗಿನಲ್ಲಿ ಸಿದ್ದೆಯನ್ನೂ ಉಳಿಸಿದೆ, ಪಕ್ಕದಲ್ಲಿ ಗ್ರಾಂ ಬರೆದೆ.

ಅಡುಗೆಗೆ ಮಾತ್ರ ಹೇಳುತ್ತಿರುವ ಮಾತಲ್ಲ ಇದು. ನಿಮ್ಮ ವಿಷಯ ಯಾವುದೇ ಇರಲಿ, ಎಷ್ಟು, ಎಲ್ಲಿ, ಯಾವ ತಿಂಗಳಲ್ಲಿ, ಯಾರಿಂದ ಕೇಳಿದ್ದು ಎಂಬುದನ್ನು ಬರೆಯಿರಿ. ಜನ ಆಡುವ ಎಲ್ಲ ಹೆಸರುಗಳನ್ನೂ ಲೇಖನದಲ್ಲಿ ಎಲ್ಲಾದರೂ ಸಹಜವಾಗಿ ತನ್ನಿ: ಅಪ್ಪೆಮಿಡಿ, ಮಾವಿನಮಿಡಿ, ಜೀರಿಗೆ ಪರಿಮಳದ್ದಾದರೆ ಜೀರಿಗೆ ಮಿಡಿ. ಒಂದೇ ವಸ್ತುವನ್ನು ಒಂದೊಂದು ಸೀಮೆಯವರು ಒಂದೊಂದು ಹೆಸರಿನಿಂದ ಹುಡುಕುತ್ತಾರೆ.

ಹಳೆಯ ಬರಹಕ್ಕೆ ಮರಳಿ ಹೋಗಿ

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ವಾರಕ್ಕೆ ಮೂರು ಹೊಸ ಲೇಖನ ಹಾಕಿದರೆ ಬ್ಲಾಗ್ ಬೆಳೆಯುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಒಂದು ವರ್ಷ ದುಡಿದು ದಣಿದೆ. ಬೆಳೆಸಿದ್ದು ಮಾತ್ರ ತಿದ್ದುವ ಕೆಲಸ.

ಅಮೆರಿಕದಿಂದ ಒಬ್ಬರು ಬರೆದರು. ಅತ್ತೆ ವಿಮಾನದಲ್ಲಿ ಹೊತ್ತು ತಂದಿದ್ದ ಮಿಡಿಯನ್ನು ನನ್ನ ಲೇಖನ ನೋಡಿ ಉಪ್ಪಿಗೆ ಹಾಕಿದ್ದರು. ಎಲ್ಲವೂ ಮೆತ್ತಗಾಗಿ ಬೂಸಲು ಹಿಡಿಯಿತು ಎಂದಿದ್ದರು. ನನ್ನ ಲೇಖನವನ್ನು ನಾನೇ ಮತ್ತೆ ಓದಿದೆ. ‘ಉಪ್ಪು’ ಎಂದು ಬರೆದಿದ್ದೆನೇ ಹೊರತು ಹರಳುಪ್ಪು ಎಂದಿರಲಿಲ್ಲ. ಮಿಡಿಯನ್ನು ನೀರಿನ ಪಸೆ ಇಲ್ಲದಂತೆ ಒರೆಸಬೇಕು, ತುಸು ತೊಟ್ಟು ಉಳಿಸಬೇಕು, ಕೊಯ್ಯುವಾಗ ನೆಲಕ್ಕೆ ಬಿದ್ದು ಪೆಟ್ಟು ತಿಂದದ್ದನ್ನು ಬೇರೆ ಮಾಡಬೇಕು, ಸೌಟು ಒಣಗಿರಬೇಕು ಎಂಬ ಯಾವ ಮಾತೂ ಅಲ್ಲಿರಲಿಲ್ಲ. ನಮ್ಮ ಮನೆಯಲ್ಲಿ ಇದನ್ನೆಲ್ಲ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನೋಡಿಯೇ ಕಲಿಯುತ್ತಾರೆ. ಅಷ್ಟು ದೂರ ಬಂದ ಮಿಡಿ ನನ್ನ ಲೋಪದಿಂದ ಹಾಳಾಯಿತಲ್ಲ ಎಂಬ ನೋವು ಇಂದಿಗೂ ಇದೆ. ಅವರಿಗೆ ಕ್ಷಮೆ ಕೇಳಿ, ಲೇಖನವನ್ನು ಪೂರ್ತಿ ತಿದ್ದಿ, ಮೇಲ್ಗಡೆ ತಿದ್ದಿದ ದಿನಾಂಕವನ್ನೂ ಕಾರಣವನ್ನೂ ಹಾಕಿದೆ. ಮರುವರ್ಷದಿಂದ ಅತಿ ಹೆಚ್ಚು ಓದುಗರನ್ನು ಕರೆತರುತ್ತಿರುವುದು ಅದೇ ಪುಟ.

ಈಗ ನನ್ನ ಕ್ರಮ ಹೀಗಿದೆ. ತಿಂಗಳಿಗೆ ಒಂದು ಹೊಸ ಲೇಖನ, ಎರಡು ಹಳೆಯದರ ತಿದ್ದುಪಡಿ. ಯಾವುದನ್ನು ತಿದ್ದಬೇಕೆಂದು ತಿಳಿಯಲು ಗೂಗಲ್‌ನ ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯ ನೋಡುತ್ತೇನೆ. ಜನ ಯಾವ ಪದ ಹುಡುಕಿ ನಮ್ಮ ಪುಟದವರೆಗೆ ಬಂದರು ಎಂಬುದು ಅಲ್ಲಿ ಕಾಣುತ್ತದೆ. ‘ಮಿಡಿ ಉಪ್ಪಿನಕಾಯಿ ಕಹಿ’ ಎಂದು ಹಲವರು ಹುಡುಕಿದ್ದಾರೆಂದರೆ, ಕಹಿಯ ಬಗ್ಗೆ ನಾನು ಬರೆದಿಲ್ಲ ಎಂದು ಅರ್ಥ. ಓದುಗರ ಸಂಖ್ಯೆಯ ಪಟ್ಟಿಯನ್ನು ತಿಂಗಳಿಗೊಮ್ಮೆ ಮಾತ್ರ ತೆರೆಯುತ್ತೇನೆ. ದಿನವೂ ನೋಡುತ್ತಿದ್ದಾಗ ಬರೆಯುವ ಮನಸ್ಸೇ ಕುಗ್ಗುತ್ತಿತ್ತು.

ಓದುಗರನ್ನು ಉಳಿಸಿಕೊಳ್ಳುವುದು

2013ರ ಜುಲೈನಲ್ಲಿ ಗೂಗಲ್ ರೀಡರ್ ನಿಂತಿತು. ಹಲವು ಬ್ಲಾಗುಗಳ ಹೊಸ ಬರಹವನ್ನು ಒಂದೇ ಕಡೆ ಓದಲು ಬಳಕೆಯಲ್ಲಿದ್ದ ಸಾಧನ ಅದು. ನನಗಿದ್ದ ಬೆರಳೆಣಿಕೆಯ ನಿಯಮಿತ ಓದುಗರಲ್ಲಿ ಅರ್ಧದಷ್ಟು ಜನ ಅದರೊಂದಿಗೇ ಕಣ್ಮರೆಯಾದರು. ಅಂದಿನಿಂದ ಇಮೇಲ್ ಪಟ್ಟಿಯೊಂದನ್ನು ಇಟ್ಟುಕೊಂಡಿದ್ದೇನೆ. ತಾವಾಗಿ ಕೇಳಿದವರನ್ನು ಮಾತ್ರ ಸೇರಿಸುತ್ತೇನೆ, ತಿಂಗಳಿಗೊಂದು ಕಾಗದ ಬರೆಯುತ್ತೇನೆ. ಪತ್ರ ಬರೆದವರಿಗೆ ಒಂದು ವಾರದೊಳಗೆ ಉತ್ತರಿಸಿ. ಅವರು ಹೇಳಿಕೊಟ್ಟದ್ದನ್ನು ಬಳಸಿದರೆ ಅನುಮತಿ ಕೇಳಿ, ಋಣವನ್ನು ಅಲ್ಲಿಯೇ ಬರೆಯಿರಿ. ಗುಂಪು ಗುಂಪುಗಳಿಗೆ ಕೊಂಡಿ ಕಳುಹಿಸುವುದನ್ನು ನಾನು ಬಿಟ್ಟಿದ್ದೇನೆ. ಜಾಹೀರಾತನ್ನೂ ಹಾಕಿಲ್ಲ; ಇಷ್ಟು ಸಣ್ಣ ಬ್ಲಾಗಿಗೆ ಅದರಿಂದ ಬರುವುದು ಕಡಿಮೆ, ಪುಟ ಕೆಡುವುದು ಹೆಚ್ಚು.

ಪ್ರತಿ ತೆಗೆದಿಡಿ

ಉಚಿತ ಜಾಗಗಳು ಶಾಶ್ವತವಲ್ಲ. ಲಕ್ಷಾಂತರ ಜನರ ಸ್ವಂತ ಪುಟಗಳಿದ್ದ ಜಿಯೋಸಿಟೀಸ್ ಅನ್ನು ಯಾಹೂ 2009ರಲ್ಲಿ ಮುಚ್ಚಿತು. ಮೂರು ತಿಂಗಳಿಗೊಮ್ಮೆ ಬ್ಲಾಗಿನ ಸೆಟ್ಟಿಂಗ್‌ಗೆ ಹೋಗಿ ಇಡೀ ಬರಹದ ಕಡತವನ್ನು ಇಳಿಸಿಕೊಳ್ಳಿ. ಬ್ಲಾಗರ್‌ನ ಆ ಕಡತದಲ್ಲಿ ಛಾಯಾಚಿತ್ರಗಳು ಇರುವುದಿಲ್ಲ, ಅವುಗಳ ಕೊಂಡಿ ಮಾತ್ರ ಇರುತ್ತದೆ. ಮೂಲ ಚಿತ್ರಗಳನ್ನು ಬೇರೆಯಾಗಿ ಇಡಿ. ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ನಿಮ್ಮ ಮುಖ್ಯ ಪುಟಗಳ ವಿಳಾಸ ಕೊಟ್ಟರೆ ಅದೂ ಒಂದು ಪ್ರತಿ ಉಳಿಸಿಕೊಳ್ಳುತ್ತದೆ.

ಇದರ ಜೊತೆಗೆ ವರ್ಷಕ್ಕೊಮ್ಮೆ ಆಯ್ದ ಲೇಖನಗಳನ್ನು ಕಾಗದದ ಮೇಲೆ ಮುದ್ರಿಸಿ ಬೈಂಡ್ ಮಾಡಿಸುತ್ತೇನೆ. ಎರಡೇ ಪ್ರತಿ: ಒಂದು ನನಗೆ, ಒಂದು ಅಮ್ಮನಿಗೆ. ಅವಳು ಮೊಬೈಲ್‌ನಲ್ಲಿ ಓದುವುದಿಲ್ಲ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅವಳ ಪ್ರತಿ ಅಡುಗೆಮನೆಯ ನಾಗಂದಿಗೆಯ ಮೇಲೆ, ಅರಿಶಿನದ ಕಲೆ ಹತ್ತಿಸಿಕೊಂಡು ಕೂತಿತ್ತು. ತೆರೆದು ನೋಡಿದರೆ ಅಪ್ಪೆಮಿಡಿಯ ಪುಟದಲ್ಲಿ ಸಾಸಿವೆಯ ಪ್ರಮಾಣಕ್ಕೆ ಪೆನ್ಸಿಲ್‌ನಿಂದ ಗೀಟು ಹಾಕಿ, ಪಕ್ಕದಲ್ಲಿ ‘ಹೊಸ ಸಾಸಿವೆಗೆ ಘಾಟು ಹೆಚ್ಚು, ಮುಕ್ಕಾಲು ಹಿಡಿ ಸಾಕು’ ಎಂದು ಬರೆದಿದ್ದಳು. ಆ ರಾತ್ರಿಯೇ ಬ್ಲಾಗಿನ ಪುಟವನ್ನು ತೆರೆದು ತಿದ್ದಿದೆ, ದಿನಾಂಕ ಹಾಕಿದೆ.